ಬಚ್ಚಲದ ಬಾತುಕೋಳಿಗಳು

ಸ್ನಾನ ಮಾಡುವಾಗ ಮನುಷ್ಯನಿಗೆ ಗೋಡೆಯ ಹೊರತು ನೋಡಲು ಬೇರೇನೂ ಇರುವುದಿಲ್ಲ ಎಂಬ ಸಂಗತಿಯನ್ನು ನೀವು ಗಮನಿಸಿದ್ದೀರೋ ಇಲ್ಲವೋ ನಾನರಿಯೆ. ಉಣ್ಣುವಾಗ ಕಣ್ಣಿಗೆ ತಾಟಿದೆ, ಬಸ್ಸಿನಲ್ಲಿ ಕಿಟಕಿಯಿದೆ, ಸಭೆ ಸಮಾರಂಭಗಳಲ್ಲಿ ಭಾಷಣ ಎಷ್ಟೇ ನೀರಸವಾಗಿದ್ದರೂ ಮುಂದಿನ ಸಾಲಿನಲ್ಲಿ ಕುಳಿತವರ ಸೀರೆಯ ಅಂಚಾದರೂ ಇದೆ. ಬಚ್ಚಲದಲ್ಲಿ ಮಾತ್ರ ತಂಬಿಗೆ ಎತ್ತಿದರೂ ಅದೇ ಗೋಡೆ, ಇಳಿಸಿದರೂ ಅದೇ ಗೋಡೆ. ಬೈಲಹೊಂಗಲದ ನಮ್ಮ ಮನೆಯ ಬಚ್ಚಲ ಗೋಡೆಯನ್ನು ಇಪ್ಪತ್ನಾಲ್ಕು ವರ್ಷ ನಾನು ನೋಡಿದಷ್ಟು ಏಕಾಗ್ರತೆಯಿಂದ ಕಟ್ಟಿಕೊಂಡ ಗಂಡನ ಮುಖವನ್ನೂ ನೋಡಿಲ್ಲ. ಇದನ್ನು ಒಮ್ಮೆ ಅವರಿಗೇ ಹೇಳಿದೆ. ಅವರು ಪತ್ರಿಕೆಯಿಂದ ತಲೆಯೆತ್ತದೆ ‘ಹೌದೇನು’ ಎಂದರು.

ಆ ಗೋಡೆಯ ವರ್ಣನೆಯನ್ನು ನಾನು ಮಾಡಲೇಬೇಕು, ಏಕೆಂದರೆ ನನ್ನ ಸಂಕಟವೆಲ್ಲ ಅಲ್ಲಿಂದಲೇ ಆರಂಭ. ನಾನು ಸೊಸೆಯಾಗಿ ಬಂದ ವರ್ಷ, ನಮ್ಮ ಓಣಿಯಲ್ಲಿ ಬಚ್ಚಲವೆಂದರೆ ನಾಲ್ಕು ಕಲ್ಲು, ಒಂದು ಹಂಡೆ, ಒಂದು ತಟ್ಟಿ ಎಂದಿದ್ದ ಕಾಲದಲ್ಲಿ, ನಮ್ಮ ಮಾವನವರು ಬೆಳಗಾವಿಯಿಂದ ನುಣುಪಾದ ಟೈಲ್ಸ್ ತರಿಸಿ ಬಚ್ಚಲಕ್ಕೆ ಎದೆಮಟ್ಟ ಕೂಡಿಸಿದ್ದರು. ಬಣ್ಣ ಹಸಿರು ಎಂದರೆ ಹಸಿರಿಗೆ ಅವಮಾನ; ಹಳದಿ ಎಂದರೆ ಹಳದಿ ಒಪ್ಪುವುದಿಲ್ಲ; ಎರಡು ದಿನ ಮರೆತಿಟ್ಟ ಹೆಸರುಬೇಳೆಯ ಬಣ್ಣವೆಂದರೆ ನಿಮಗೆ ಅಂದಾಜಾದೀತು. ಅದೂ ಸಾಲದೆಂಬಂತೆ ಮೇಲಿನ ಸಾಲಿನ ಪ್ರತಿಯೊಂದು ಟೈಲಿನ ಮೇಲೆ ಕೆಂಪು ಕೊಕ್ಕಿನ, ನೀಲಿ ರೆಕ್ಕೆಯ ಒಂದೊಂದು ಬಾತುಕೋಳಿ ತೇಲುತ್ತಿತ್ತು. ಒಟ್ಟು ಹದಿನೇಳು. ಹದಿನಾರು ಬಾತುಕೋಳಿಗಳು ಶಿಸ್ತಾಗಿ ಎಡದಿಂದ ಬಲಕ್ಕೆ ಹೊರಟಿದ್ದರೆ, ಹಂಡೆಯ ಮೇಲಿನ ಮೂಲೆಯಲ್ಲಿದ್ದ ಹದಿನೇಳನೆಯದು ಕಾಲು ಮೇಲೆ, ತಲೆ ಕೆಳಗೆ ಮಾಡಿಕೊಂಡಿತ್ತು. ಚಿತ್ರದ ಟೈಲ್ಸನ್ನು ಜನ್ಮದಲ್ಲೇ ಮೊದಲ ಸಲ ಕಂಡ ಗೌಂಡಿ ಅದನ್ನು ಉಲ್ಟಾ ಕೂಡಿಸಿಬಿಟ್ಟಿದ್ದ. ಸಿಮೆಂಟು ಬಿಗಿದ ಮೇಲೆ ಮಾವನವರು ಸಿಟ್ಟಿಗೆದ್ದು ಕೇಳಿದಾಗ ಆ ಮಹಾನುಭಾವ ‘ಮೀನ ಹಿಡ್ಯಾಕ ಮುಳಗೇತ್ರಿ ಸಾವಕಾರ’ ಎಂದನಂತೆ.

ಈ ಕಥೆಯನ್ನು ಹೇಳಿ ನಮ್ಮ ಮನೆಯವರು ಈಗಲೂ ನಗುತ್ತಾರೆ. ನನಗೆ ನಗು ಬರುತ್ತಿರಲಿಲ್ಲ. ನಾನು ಕಿತ್ತೂರಿನ ಹುಡುಗಿ, ಬಿ.ಎ. ಮುಗಿಸಿ ಬಿ.ಎಡ್. ಮಾಡಿದವಳು, ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಸೌಂದರ್ಯಪ್ರಜ್ಞೆಯ ಮೇಲೆ ತರಗತಿಯಲ್ಲಿ ಮುಕ್ಕಾಲು ಗಂಟೆ ಮಾತಾಡಿ ಬಂದು ಮರುದಿನ ಬೆಳಿಗ್ಗೆ ಆ ಗೋಡೆಯ ಎದುರು ಕೂರಬೇಕಾದಾಗ ನನ್ನ ವಿದ್ಯೆಯೆಲ್ಲ ಬಚ್ಚಲ ಮೋರಿಯಲ್ಲಿ ಹರಿದುಹೋದಂತೆನಿಸುತ್ತಿತ್ತು. ಈ ಮನೆಯಲ್ಲಿ ನಾನು ಕಾಲಿಡುವ ಹೊತ್ತಿಗೆ ಎಲ್ಲವೂ ನಿಶ್ಚಯವಾಗಿಹೋಗಿತ್ತು. ಜಗುಲಿಯ ದಿಕ್ಕು, ದೇವರ ಕೋಣೆಯ ಬಾಗಿಲು, ಉಪ್ಪಿನ ಗಡಿಗೆಯ ಜಾಗ, ಕೊನೆಗೆ ಬಾತುಕೋಳಿಗಳ ಸಂಖ್ಯೆ ಕೂಡ. ನನ್ನನ್ನು ಕೇಳಿ, ನನಗಾಗಿ ಮಾಡಿದ ಒಂದೇ ಒಂದು ವಸ್ತು ಈ ಮನೆಯಲ್ಲಿ ಇರಲಿಲ್ಲ. ಆದ್ದರಿಂದ ಆ ಟೈಲ್ಸಿನ ಬಗ್ಗೆ ನಾನು ಒಂದು ದಿನವೂ ಒಳ್ಳೆಯ ಮಾತಾಡಲಿಲ್ಲ. ಮಾವನವರು ಇದ್ದಾಗ ಸುಮ್ಮನಿದ್ದೆ, ಅವರು ಹೋದ ಮೇಲೆ ಬಾಯಿಬಿಟ್ಟೆ, ಅಷ್ಟೇ ವ್ಯತ್ಯಾಸ.

ಮಗಳು ಸವಿತಾ ಹುಟ್ಟಿದ ಮೇಲೆ ಬಾತುಕೋಳಿಗಳ ಉಪದ್ರವ ಇಮ್ಮಡಿಯಾಯಿತು. ಸೀಗೆಪುಡಿ ಕಂಡರೆ ಊರಿಗೆ ಕೇಳುವಂತೆ ಅಳುವ ಆ ಹುಡುಗಿಗೆ ತಲೆಗೆ ನೀರು ಹಾಕುವ ಕೆಲಸ ನಮ್ಮ ಅತ್ತೆಯವರದು. ಕಣ್ಣಿಗೆ ಸೀಗೆ ಹೋಗಬಾರದೆಂದರೆ ಮುಖ ಮೇಲೆತ್ತಬೇಕು. ಮುಖ ಮೇಲೆತ್ತಬೇಕೆಂದರೆ ಮೇಲೆ ಏನಾದರೂ ಇರಬೇಕು. ‘ನೋಡಲ್ಲೆ ಡಬ್ಬ ಬಿದ್ದ ಬಾತುಕೋಳಿ’ ಎಂದು ಅತ್ತೆ ಆ ತಲೆಕೆಳಗಾದ ಹದಿನೇಳನೆಯದನ್ನು ತೋರಿಸುವರು, ಅದು ಯಾಕೆ ಡಬ್ಬ ಬಿತ್ತೆಂದು ಅವಳು ಕೇಳುವಳು, ಒಂದೊಂದು ಭಾನುವಾರಕ್ಕೆ ಒಂದೊಂದು ಕಾರಣ. ಒಂದು ವಾರ ಅದರ ಕಿವಿಯೋಲೆ ನೀರಲ್ಲಿ ಬಿದ್ದಿರುತ್ತಿತ್ತು, ಇನ್ನೊಂದು ವಾರ ಶಾಲೆಗೆ ಹೋಗಲೊಲ್ಲದೆ ಅಡಗಿಕೊಂಡಿರುತ್ತಿತ್ತು. ಹೊರಗೆ ಬಾಗಿಲು ಬಡಿಯುತ್ತ ನಾನು, ನೀರು ಆರಿಹೋಯಿತು, ಒಲೆಯ ಮೇಲೆ ಅನ್ನ ಸೀದುಹೋಯಿತು ಎಂದು ಕೂಗಿಕೊಳ್ಳಬೇಕು. ಎರಡು ತಂಬಿಗೆ ನೀರಿನ ಕೆಲಸಕ್ಕೆ ಅರ್ಧ ತಾಸು!

ಅಂಥ ಸವಿತಾಳಿಗೆ ಮದುವೆಯಾಯಿತು. ಹೊಸ ಸಹಸ್ರಮಾನ ಬಂತೆಂದು ಪತ್ರಿಕೆಗಳೆಲ್ಲ ಕೂಗಿ ದಣಿದಿದ್ದ ಸಮಯ. ಅಳಿಯಂದಿರು ದನದ ಡಾಕ್ಟರು, ರಾಮದುರ್ಗದಲ್ಲಿ ಮನೆ. ಮದುವೆ ಮುಗಿಯುವಷ್ಟರಲ್ಲಿ ನಮ್ಮ ಗಂಟು ಕರಗಿತ್ತೆಂದು ಬೇರೆ ಹೇಳಬೇಕಿಲ್ಲ. ದೀಪಾವಳಿಗೆ ಇನ್ನು ಇಪ್ಪತ್ತು ದಿನ ಇರುವಾಗ ಸವಿತಾ ಫೋನು ಮಾಡಿದಳು. ಅಳಿಯನ ಮೊದಲ ದೀಪಾವಳಿ. ನಸುಕಿನಲ್ಲಿ ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ಎಣ್ಣೆ ಹಚ್ಚಿ, ಬಚ್ಚಲದಲ್ಲಿ ನೀರು ಹಾಕುವುದೇ ಆ ಹಬ್ಬದ ಜೀವಾಳ. ಅದು ಇದು ಮಾತಾಡಿದ ಮೇಲೆ ಅವಳು ದನಿ ತಗ್ಗಿಸಿದಳು.

‘ಅವ್ವಾ, ಇಲ್ಲೆ ಬಚ್ಚಲ ಹೆಂಗೈತಿ ಗೊತ್ತೇನ? ಮಾಳಗಿ ಮಟಾ ಬಿಳಿ ಟೈಲ್ಸು. ನಮ್ಮ ಬಚ್ಚಲ ನೆನಸಿಕೊಂಡ್ರ ನನಗ ನಾಚಿಕಿ ಬರತೈತಿ ನೋಡವಾ.’

ಆ ಬಚ್ಚಲ ಕಂಡು ನಾನು ನಾಚಿಕೆಪಟ್ಟರೆ ಅದೊಂದು ಮಾತು. ಅಲ್ಲೇ ಮಿಂದು ಬೆಳೆದ ಮಗಳು ಗಂಡನ ಎದುರು ತವರಿನ ಬಗ್ಗೆ ತಲೆ ತಗ್ಗಿಸುವುದೆಂದರೆ ಬೇರೆಯೇ ಮಾತು. ಆಗಲೇ ನಿರ್ಧರಿಸಿದೆ: ಅಳಿಯ ಆ ಮಣೆಯ ಮೇಲೆ ಕೂರುವ ಹೊತ್ತಿಗೆ ಗೋಡೆ ಬಿಳಿಯಾಗಿರಬೇಕು, ಒಂದು ಬಾತುಕೋಳಿಯೂ ಕಾಣಬಾರದು.

ಟೈಲ್ಸ್ ಒಡೆಸಿದರೆ ಒಳಗಿನ ಕೊಳವೆಯೂ ಬರುತ್ತದೆ, ಕೊಳವೆ ಬಂದರೆ ಗೋಡೆಯೂ ಬರುತ್ತದೆ ಎಂದು ಗೌಂಡಿ ಹೆದರಿಸಿ ಹೋದ. ನಮ್ಮವರು ಎರಡು ದಿನ ಯೋಚಿಸಿ, ಯಾವುದೋ ಘನವಾದ ಪ್ರಮೇಯವನ್ನು ಬಿಡಿಸಿದವರ ಮುಖಮಾಡಿ, ‘ಒಡಸೂದ ಯಾಕ? ಮ್ಯಾಲೆ ಬಣ್ಣ ಹಚ್ಚಿದ್ರಾತು’ ಎಂದರು. ಮತ್ತು ನನ್ನ ಅಭಿಪ್ರಾಯಕ್ಕೆ ಕಾಯದೆ ದೊಡವಾಡದ ಬಾಬುಸಾಬನಿಗೆ ಹೇಳಿಕಳಿಸಿದರು.

ಬಾಬುಸಾಬ ಪೇಂಟರನ ಖ್ಯಾತಿ ನಮ್ಮ ಕಡೆ ಸಾಮಾನ್ಯವಾದದ್ದಲ್ಲ. ಟ್ರ್ಯಾಕ್ಟರಿನ ಟ್ರಾಲಿಗಳ ಹಿಂಭಾಗದಲ್ಲಿ ಅವನು ಬರೆದ ಸೂರ್ಯೋದಯಗಳು, ನವಿಲುಗಳು, ಹಾಲು ಕರೆಯುವ ಹೆಂಗಸರು ಸವದತ್ತಿಯ ಗುಡ್ಡದ ತನಕ ಧೂಳೆಬ್ಬಿಸುತ್ತ ಓಡಾಡುತ್ತಿದ್ದವು. ಕಾರಹುಣ್ಣಿಮೆ ಬಂತೆಂದರೆ ಎತ್ತಿನ ಕೋಡಿಗೆ ಬಣ್ಣ ಹಚ್ಚಲು ಸಾಲು ನಿಲ್ಲುತ್ತಿತ್ತು. ಇಷ್ಟೆಲ್ಲ ಮಾಡಿದವನು ಬಚ್ಚಲದ ಟೈಲ್ಸಿಗೆ ಮಾತ್ರ ಬಣ್ಣ ಹಚ್ಚಿರಲಿಲ್ಲ. ಆದರೆ ಅದನ್ನು ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ. ಬಸ್ಸಿಳಿದು ಬಂದು, ಬಚ್ಚಲದಲ್ಲಿ ನಿಂತು, ಟೈಲ್ಸಿನ ಮೇಲೆ ಉಗುರಿನಿಂದ ಟಕಟಕ ಬಡಿದು ಹೇಳಿದ:

‘ಅಕ್ಕಾರ, ನಾ ಹಚ್ಚಿದ ಟ್ರಾಲಿ ಮೂರು ಮಳಿಗಾಲ ನೋಡ್ಯಾವ. ಮ್ಯಾಲ ಕಬ್ಬ ಹೇರತಾರ, ಗೊಬ್ಬರ ಹೇರತಾರ, ಬಣ್ಣ ಅಳಗ್ಯಾಡೂದಿಲ್ಲ. ಇಲ್ಲೇನೈತ್ರಿ, ನಾಕ ತಂಬಗಿ ನೀರು!’

ಅವನ ಆತ್ಮವಿಶ್ವಾಸ ನನಗೂ ಅಂಟಿತು. ಆದರೆ ಅಂಟಬೇಕಾದದ್ದು ಬಣ್ಣ ಎಂಬುದು ಮರುದಿನ ತಿಳಿಯಿತು. ನುಣುಪಾದ ಆ ಮೈಗೆ ಬಣ್ಣ ಹಿಡಿಯಬೇಕಾದರೆ ಅದನ್ನು ಮೊದಲು ಒರಟು ಮಾಡಬೇಕಂತೆ. ಅವನು ಪಾಲಿಶ್ ಕಾಗದ ಹಿಡಿದು ಉಜ್ಜತೊಡಗಿದ. ನೀವು ಎಂದಾದರೂ ಟೈಲ್ಸಿನ ಮೇಲೆ ಪಾಲಿಶ್ ಕಾಗದ ಉಜ್ಜುವ ಸದ್ದು ಕೇಳಿದ್ದರೆ ನಿಮಗೆ ನನ್ನ ಹಲ್ಲುಗಳ ಬಗ್ಗೆ ಕನಿಕರ ಹುಟ್ಟುತ್ತದೆ. ಕೇಳಿರದಿದ್ದರೆ ನೀವು ಪುಣ್ಯವಂತರು. ಮೂರು ದಿನ ಕರ್ರ್ ಕರ್ರ್ ಎಂದು ಉಜ್ಜಿದ. ದಸರೆಯ ರಜೆ, ನನಗೆ ಶಾಲೆಯೂ ಇರಲಿಲ್ಲ, ಎಲ್ಲಿಗೆ ಓಡಿಹೋಗುವುದು?

ನಮ್ಮ ಅತ್ತೆಯವರು ಮಾತ್ರ ಪಡಸಾಲೆಯ ಕಂಬಕ್ಕೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತ ಶಾಂತವಾಗಿ ಕುಳಿತಿದ್ದರು. ಅವರಿಗೆ ಎಪ್ಪತ್ತೆಂಟು. ಕಣ್ಣು ಸ್ವಲ್ಪ ಮಂಜಾಗಿದ್ದವು, ಮೊಣಕಾಲು ಹಿಡಿಯುತ್ತಿದ್ದವು, ಆದರೆ ಅವರ ಕಿವಿಯ ವಿಷಯದಲ್ಲಿ ಓಣಿಗೆ ಓಣಿಯೇ ಎಚ್ಚರದಿಂದಿತ್ತು. ಹಾಲಿನವನ ಸೈಕಲ್ಲು ಆಚೆ ತಿರುವಿನಲ್ಲಿ ಬರುವಾಗಲೇ ‘ಪಾತೇಲಿ ಇಡ’ ಎನ್ನುವರು. ಅಡುಗೆಮನೆಯಲ್ಲಿ ನಾನು ಬಾಯೊಳಗೇ ಗೊಣಗಿಕೊಂಡ ಮಾತಿಗೆ ಪಡಸಾಲೆಯಿಂದ ಉತ್ತರ ಬಂದದ್ದು ಒಂದೆರಡು ಸಲವಲ್ಲ. ಅವರು ಬಣ್ಣದ ಬಗ್ಗೆ ಬೇಡವೆಂದೂ ಅನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ಕೇಳಿದಾಗ ‘ನಿಮ್ಮ ಮನಿ, ನೀವ ಮಾಡ್ರಿ’ ಎಂದರು. ಅತ್ತೆಯಾದವಳು ಹಾಗೆಂದರೆ ಸೊಸೆಯಾದವಳಿಗೆ ಅದರ ಅರ್ಥ ಹುಡುಕುತ್ತ ಎರಡು ದಿನ ಹೋಗುತ್ತವೆ, ನನಗೆ ಪುರಸೊತ್ತಿರಲಿಲ್ಲ.

ಮೊದಲ ಪದರ ಬಳಿದದ್ದಾಯಿತು. ಬಾತುಕೋಳಿಗಳು ಮಂಜಿನೊಳಗೆ ಈಜುವಂತೆ ಕಂಡವು. ಎರಡನೆಯ ಪದರಕ್ಕೆ ಕೊಕ್ಕು ಮಾತ್ರ ಉಳಿದವು. ಹದಿನೇಳು ಕೆಂಪು ಚುಕ್ಕೆ ಉಳಿದು, ಗೋಡೆಗೆ ದಡಾರ ಎದ್ದಂತೆ ಕಾಣತೊಡಗಿತು. ಮೂರನೆಯ ಪದರಕ್ಕೆ ಅವೂ ಮಾಯವಾದವು. ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಬಾಬುಸಾಬ, ಬಿಳಿಯ ಬೋಳು ಗೋಡೆಯನ್ನು ನೋಡಿ ತಡೆಯಲಾರದೆ, ನಾಲ್ಕೂ ಮೂಲೆಗೆ ಕೆಂಪು ಕಮಲ ಬಿಡಿಸಿ, ಸುತ್ತಲೂ ಹಳದಿ ಬಳ್ಳಿ ಎಳೆದು, ಮೋರಿಯ ಮೇಲೆ ದಪ್ಪ ಅಕ್ಷರಗಳಲ್ಲಿ ‘ಬಾಬು ಪೇಂಟರ್, ದೊಡವಾಡ’ ಎಂದು ಅಂಕಿತ ಹಾಕಿದ್ದ.

‘ಏನಪಾ ಇದು! ಬಚ್ಚಲೋ, ಟ್ರಾಲಿಯೋ?’ ಎಂದು ನಾನು ಚೀರಿದೆ.

‘ಬರೇ ಬೆಳ್ಳಗ ಇದ್ರ ದವಾಖಾನಿ ಆಕ್ಕೈತ್ರಿ ಅಕ್ಕಾರ,’ ಎಂದು ಅವನು ನಿಜವಾದ ನೋವಿನಿಂದ ಹೇಳಿದ. ಅವನ ಕಲೆಗೆ ನಾನು ಮಾಡಿದ ಅಪಚಾರಕ್ಕೆ ಮುಖ ಊದಿಸಿಕೊಂಡೇ ಅವೆಲ್ಲವನ್ನೂ ಒರೆಸಿ ನಾಲ್ಕನೆಯ ಪದರ ಹಚ್ಚಿದ. ಹೋಗುವಾಗ ಹೊಸ್ತಿಲ ಬಳಿ ನಿಂತು ಡಬ್ಬಿಯ ಮುಚ್ಚಳ ಬಡಿಯುತ್ತ ಎಚ್ಚರಿಕೆ ಕೊಟ್ಟ:

‘ಎಂಟ ದಿನ ನೀರ ತಾಗಸಬ್ಯಾಡ್ರಿ. ಆಮ್ಯಾಲೆ ಏನ ಮಾಡಿದ್ರೂ ನಡೀತೈತಿ. ಸುಣ್ಣ ಒಂದ ತಾಗಸಬ್ಯಾಡ್ರಿ ಮತ್ತ. ಸುಣ್ಣ ಬಿತ್ತಂದ್ರ ಎಣ್ಣಿ ಬಣ್ಣ ಸುಟ್ಟ ಸಿಪ್ಪಿ ಏಳತೈತಿ.’

ನಾನು ‘ಆತ ಆತ’ ಎಂದು ತಲೆಯಾಡಿಸಿದೆ. ಬಚ್ಚಲಕ್ಕೆ ಸುಣ್ಣ ಯಾಕೆ ಬರುತ್ತದೆ, ಹುಚ್ಚ, ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಪಡಸಾಲೆಯಲ್ಲಿ ಅತ್ತೆ ತಮ್ಮ ಸುಣ್ಣದ ಡಬ್ಬಿ ತೆಗೆದು ಎಲೆಗೆ ಸುಣ್ಣ ಸವರುತ್ತಿದ್ದರು. ಇದನ್ನು ನೀವು ನೆನಪಿನಲ್ಲಿಟ್ಟುಕೊಳ್ಳಿ, ನಾನು ಇಟ್ಟುಕೊಳ್ಳಲಿಲ್ಲ.

ಮುಂದಿನ ಎಂಟು ದಿನಗಳ ಅಧ್ವಾನವನ್ನು ಏನೆಂದು ಹೇಳಲಿ! ನೀರು ತಾಗಿಸಬಾರದ ಬಚ್ಚಲವನ್ನು ಇಟ್ಟುಕೊಂಡು ಮೂರು ಮಂದಿ ಸ್ನಾನ ಮಾಡುವುದೆಲ್ಲಿ? ನಮ್ಮವರು ಹಿತ್ತಲ ನಲ್ಲಿಗೆ ಹಳೆಯ ಚಾದರ ಕಟ್ಟಿಕೊಂಡು, ಗಾಳಿ ಬಂದಾಗಲೆಲ್ಲ ಒಂದು ಕೈಯಲ್ಲಿ ಚಾದರವನ್ನೂ ಇನ್ನೊಂದು ಕೈಯಲ್ಲಿ ತಂಬಿಗೆಯನ್ನೂ ಹಿಡಿದು, ಮೈ ಉಜ್ಜಿಕೊಳ್ಳಲು ಮೂರನೆಯ ಕೈಯಿಲ್ಲದೆ ಒದ್ದಾಡಿದರು. ನಾನೂ ಅತ್ತೆಯವರೂ ಬಕೆಟ್ಟು, ಸೀರೆ, ಸಾಬೂನು ಹಿಡಿದುಕೊಂಡು ಬೀದಿ ದಾಟಿ ಎದುರುಮನೆಯ ಕಾಶವ್ವನ ಬಚ್ಚಲಕ್ಕೆ. ನನ್ನ ವಿದ್ಯಾರ್ಥಿನಿಯರು ದಾರಿಯಲ್ಲಿ ಸಿಕ್ಕು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ನನಗೆ ‘ನಮಸ್ಕಾರ್ರೀ ಅಕ್ಕಾರ’ ಎಂದು ಕೈಮುಗಿದರು. ಕಾಶವ್ವ ನೀರು ಕೊಟ್ಟದ್ದಕ್ಕೆ ಪ್ರತಿಯಾಗಿ ವಿವರ ಕೇಳಿದಳು, ಕೇಳಿದ್ದನ್ನು ಓಣಿಗೆಲ್ಲ ಹಂಚಿದಳು, ಓಣಿ ಬಚ್ಚಲ ನೋಡಲು ಬಂತು.

ಬಂದವರೆಲ್ಲ ಒಂದೇ ಕೆಲಸ ಮಾಡಿದರು. ಹಸಿ ಬಣ್ಣವನ್ನು ಕಂಡರೆ ಮನುಷ್ಯನ ಬೆರಳಿಗೆ ಅದೇನು ತುರಿಕೆ ಹತ್ತುತ್ತದೋ, ‘ಒಣಗೇತೇನ ನೋಡೂಣು’ ಎಂದು ಒಬ್ಬೊಬ್ಬರೂ ಮುಟ್ಟಿ ನೋಡಿದರು. ಮುಟ್ಟಿ, ‘ಇನ್ನೂ ಒಣಗಿಲ್ಲ ಬಿಡ್ರಿ’ ಎಂದು ನನಗೇ ತಿಳಿಸಿ, ಬೆರಳನ್ನು ನಮ್ಮ ಬಾಗಿಲ ಚೌಕಟ್ಟಿಗೆ ಒರೆಸಿ ಹೋದರು. ಸಿಟ್ಟಿನಿಂದ ನಾನು ರಟ್ಟಿನ ಮೇಲೆ ‘ಮುಟ್ಟಬಾರದು’ ಎಂದು ದುಂಡಕ್ಷರದಲ್ಲಿ ಬರೆದು ತೂಗುಹಾಕಿದೆ. ಅದನ್ನು ಗಟ್ಟಿಯಾಗಿ ಓದಿ, ‘ಅಕ್ಷರ ಚಂದ ಅದಾವು’ ಎಂದು ಹೊಗಳಿ, ನಮ್ಮವರು ಮುಟ್ಟಿದರು. ಹೆಬ್ಬೆರಳು! ಸರಕಾರಿ ಕಾಗದಕ್ಕೆ ಒತ್ತಿದ ಹಾಗೆ ಸ್ಪಷ್ಟವಾಗಿ ಮೂಡಿತ್ತು. ನಾನು ಹಣೆ ಹಣೆ ಬಡಿದುಕೊಂಡೆ.

ಅಂತೂ ನೀರು ತುಂಬುವ ಹಬ್ಬದ ದಿನ ಮಧ್ಯಾಹ್ನ, ಅಂದರೆ ಎಣ್ಣೆನೀರಿನ ಹಿಂದಿನ ದಿನ, ಮಗಳು ಅಳಿಯ ರಾಮದುರ್ಗದ ಬಸ್ಸಿಳಿದು ಬಂದರು. ಕೈಕಾಲು ತೊಳೆಯಲೆಂದು ಸವಿತಾ ಬಚ್ಚಲಕ್ಕೆ ಹೋದಳು. ನಾನು ಹಿಂದೆಯೇ ಹೋದೆ. ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಹುಡುಗಿಯರ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ಆ ದಿನ ನನಗೆ ಗೊತ್ತಾಯಿತು.

‘ಅಯ್ಯ, ಬೆಳ್ಳಗ ಫಳಫಳ ಹೊಳ್ಯಾಕ ಹತ್ತೇತಲ್ಲವಾ!’ ಎಂದಳು. ನನ್ನ ಜೀವಕ್ಕೆ ತಂಪಾಯಿತು. ಆಮೇಲೆ ಅವಳ ಕಣ್ಣು ಮೂಲೆಗೆ ಹೋಯಿತು. ಹಂಡೆಯ ಹತ್ತಿರ ಹೋಗಿ ಮೂಲೆಯ ಗೋಡೆಯ ಮೇಲೆ ಕೈಯಾಡಿಸಿದಳು. ಕಿಟಕಿಯ ಕಡೆಯಿಂದ ಒಂದೊಂದೇ ಟೈಲಿನ ಗೆರೆಯನ್ನು ಬೆರಳಿನಿಂದ ಎಣಿಸುತ್ತ ಬಂದು ಹದಿನೇಳನೆಯದರ ಮೇಲೆ ಅಂಗೈ ಇಟ್ಟಳು.

‘ಡಬ್ಬ ಬಿದ್ದದ್ದನ್ನೂ ಮುಚ್ಚಿಸಿಬಿಟ್ಟೇನವಾ?’

‘ಮತ್ತ? ನೀನ ಅಂದಿದ್ದಿ, ನಾಚಿಕಿ ಬರತೈತಿ ಅಂತ!’

‘ಬಚ್ಚಲಕ್ಕ ಅಂದಿದ್ದೆ. ಅದಕ್ಕೇನ ಅಂದಿದ್ದಿಲ್ಲ. ಅದನ್ನ ಇವರಿಗೆ ತೋರಸತೇನಿ ಅಂತ ಹೇಳಿ ಕರಕೊಂಡ ಬಂದಿದ್ದೆ.’

ಇಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿದ್ದವು. ನನಗೆ ಆದ ಸಿಟ್ಟನ್ನು ನೀವೇ ಊಹಿಸಿಕೊಳ್ಳಿ. ಇವಳ ಮಾನ ಉಳಿಸಲು ನಾನು ಎಂಟು ದಿನ ಬೀದಿ ದಾಟಿ ಮಿಂದಿದ್ದೆ, ಊರಿಗೆಲ್ಲ ನಗೆಪಾಟಲಾಗಿದ್ದೆ. ಈಗ ಇವಳಿಗೆ ಬಚ್ಚಲ ಬೇಡ, ಬಾತುಕೋಳಿ ಬೇಕು! ‘ಹದಿನಾರು ಮುಚ್ಚಿ ಒಂದ ಬಿಡಾಕ ನನಗೇನ ತಲಿ ಕೆಟ್ಟಿತ್ತೇನ?’ ಎಂದು ಜೋರಾಗಿಯೇ ರೇಗಿದೆ. ಅವಳು ಮೂಗೊರೆಸಿಕೊಂಡು ಹೊರಗೆ ಹೋದಳು. ಪಡಸಾಲೆಯಲ್ಲಿ ಎಲೆಯ ತೊಟ್ಟು ಮುರಿಯುತ್ತಿದ್ದ ಅತ್ತೆಯವರ ಕೈ ನಿಂತದ್ದನ್ನು ನಾನು ನೋಡಿದೆ, ನೋಡಿಯೂ ಅಡುಗೆಮನೆಗೆ ನಡೆದೆ. ಹೋಳಿಗೆಯ ಹೂರಣ ಒಲೆಯ ಮೇಲಿತ್ತು.

ನಮ್ಮ ಕಡೆ ಆ ಸಂಜೆ ಹಂಡೆ ತೊಳೆದು, ನೀರು ತುಂಬಿ, ಅದರ ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಕಟ್ಟಿ, ಮೈಗೆ ಸುಣ್ಣ ಮತ್ತು ಹುರಮಂಜಿನ ಬಿಳಿ ಕೆಂಪು ಪಟ್ಟೆ ಎಳೆದು ಪೂಜೆ ಮಾಡುವುದು ಪದ್ಧತಿ. ನಮ್ಮ ಮನೆಯಲ್ಲಿ ಹಂಡೆಯ ಹಿಂದಿನ ಗೋಡೆಗೂ ಐದು ಬೆರಳಿನ ಪಟ್ಟೆ ಎಳೆಯುವುದಿತ್ತು. ನುಣುಪು ಟೈಲ್ಸಾದ್ದರಿಂದ ಹಬ್ಬ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತಿತ್ತು. ಇಪ್ಪತ್ನಾಲ್ಕು ದೀಪಾವಳಿ ಅದನ್ನು ಕಣ್ಣಾರೆ ಕಂಡವಳು ನಾನು, ‘ಬಚ್ಚಲಕ್ಕೆ ಸುಣ್ಣ ಯಾಕೆ ಬರುತ್ತದೆ’ ಎಂದು ಪೇಂಟರನನ್ನು ಹುಚ್ಚನೆಂದವಳೂ ನಾನೇ. ಹೋಳಿಗೆ ಬೇಯಿಸುವ ಗಡಿಬಿಡಿಯಲ್ಲಿ ಅತ್ತೆ ಬಟ್ಟಲು ಹಿಡಿದು ಬಚ್ಚಲಕ್ಕೆ ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಪೂಜೆಗೆಂದು ಆರತಿ ಹಿಡಿದು ಹೋದಾಗ ನೋಡುತ್ತೇನೆ: ಮೂಲೆಯಲ್ಲಿ, ಹಂಡೆಯ ಮೇಲೆ, ಬಿಳಿಯ ಗೋಡೆಯ ಮೇಲೆ ದಪ್ಪನಾಗಿ ಸುಣ್ಣ. ಪಟ್ಟೆಗಳೇನೋ ಐದೇ, ಆದರೆ ಗಾರೆ ಮೆತ್ತಿದಷ್ಟು ದಪ್ಪ, ಒಂದಕ್ಕೊಂದು ಅಂಟಿಕೊಂಡು, ಸರಿಯಾಗಿ ಒಂದು ಟೈಲಿನಷ್ಟು ಜಾಗ. ಬಾಬುಸಾಬನ ಎಚ್ಚರಿಕೆ ಆಗ ನೆನಪಾಯಿತು. ಪೂಜೆಯ ಪಟ್ಟೆಯನ್ನು ಹಬ್ಬದ ದಿನ ಒರೆಸುವುದುಂಟೇ? ಏನೂ ಆಗಲಿಕ್ಕಿಲ್ಲ ಎಂದು ಶಿವನ ಮೇಲೆ ಭಾರ ಹಾಕಿದೆ.

ನಸುಕಿನಲ್ಲಿ ಅಳಿಯಂದಿರಿಗೆ ಆರತಿಯಾಯಿತು, ಎಣ್ಣೆಯಾಯಿತು. ಅತ್ತೆಯವರು ಮೊದಲ ತಂಬಿಗೆ ನೀರು ಹಾಕಿ ಹೊರಗೆ ಬಂದರು. ಹಂಡೆಯ ನೀರು ಕೊತಕೊತ ಕುದಿಯುತ್ತಿತ್ತು, ಬಚ್ಚಲ ತುಂಬ ಹಬೆ. ನಾನು ಬಾಗಿಲ ಹೊರಗೆ ಹೊಸ ಪಂಚೆ ಹಿಡಿದುಕೊಂಡು ನಿಂತಿದ್ದೆ. ಒಳಗಿಂದ ತಂಬಿಗೆಯ ಸದ್ದು ನಿಂತಿತು. ಆಮೇಲೆ ಅಳಿಯಂದಿರ ಕೂಗು ಕೇಳಿತು.

‘ಸವಿತಾ! ಏ ಸವಿತಾ, ಲಗೂನ ಬಾ! ಬಾತುಕೋಳಿ ಬಂತು!’

ಎಲ್ಲರೂ ನುಗ್ಗಿದೆವು. ಅಳಿಯಂದಿರು ಒದ್ದೆ ಪಂಚೆಯಲ್ಲಿ, ತಲೆಯ ತುಂಬ ಸೀಗೆಯ ನೊರೆಯಲ್ಲಿ, ಗೋಡೆಗೆ ಮುಖ ಹಚ್ಚಿ ನಿಂತಿದ್ದರು. ಸುಣ್ಣ ಬಣ್ಣವನ್ನು ತಿಂದಿತ್ತು, ಬಿಸಿನೀರಿನ ಎರಚಲು ಬಿದ್ದು ಬಣ್ಣದ ಸಿಪ್ಪೆ ಹಾಲಿನ ಕೆನೆಯಂತೆ ಜೋತುಬಿದ್ದಿತ್ತು, ಅದರ ಹಿಂದಿನಿಂದ ಮೊದಲು ಎರಡು ಕಾಲು, ಆಮೇಲೆ ನೀಲಿ ರೆಕ್ಕೆ, ಎಲ್ಲಕ್ಕಿಂತ ಕೆಳಗೆ ಕೆಂಪು ಕೊಕ್ಕು. ಅಳಿಯಂದಿರು ಉಳಿದ ಸಿಪ್ಪೆಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸುತ್ತ, ‘ಏನೂ ಆಗಿಲ್ಲರಿ ಅತ್ತಿಯವರ, ಆರಾಮ ಐತಿ’ ಎಂದು ದವಾಖಾನೆಯ ದನಿಯಲ್ಲೇ ನನಗೆ ಹೇಳಿದರು. ಸವಿತಾ ಬಿದ್ದು ಬಿದ್ದು ನಗುತ್ತಿದ್ದಳು. ‘ಕಿವಿಯೋಲಿ ಸಿಕ್ಕಿತೇನ ಕೇಳ್ರಿ ಅದಕ್ಕ’ ಎಂದಳು. ಹೊಸ ಅಳಿಯನಿಗೆ ಹೊಸ ಬಚ್ಚಲವನ್ನು ನೋಡುವ ವ್ಯವಧಾನವೇ ಇರಲಿಲ್ಲ. ಬಿಳಿ ಬಣ್ಣದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ, ಆ ದಿನವೂ, ಆಮೇಲೂ.

ನಾನು ಅಡುಗೆಮನೆಗೆ ಹೋಗಿ ದಪ್ಪನೆ ಕುಳಿತೆ. ಅಳು ಬಂದಿತ್ತು, ಸಿಟ್ಟೂ ಬಂದಿತ್ತು. ಅತ್ತೆ ಮೆಲ್ಲಗೆ ಗೋಡೆ ಹಿಡಿದುಕೊಂಡು ಬಂದು ಎದುರಿಗೆ ಕುಳಿತರು.

‘ಅತ್ತೀ, ಸುಣ್ಣ ತಾಗಸಬ್ಯಾಡ್ರಿ ಅಂತ ಬಾಬುಸಾಬ ಅಂದಿದ್ದು ನಿಮಗ ಕೇಳಿಸಿದ್ದಿಲ್ಲೇನ್ರಿ?’ ಎಂದೆ.

‘ನನ್ನ ಕಿವಿ ಮಂದ ಆಗ್ಯಾವವಾ,’ ಎಂದರು. ಹಾಲಿನವನ ಸೈಕಲ್ಲನ್ನು ತಿರುವಿನಲ್ಲೇ ಹಿಡಿಯುವ ಕಿವಿಗಳು!

ಆಮೇಲೆ ಅವರೇ ಹೇಳಿದರು: ‘ನೀ ಬರತಿ ಅಂತನ ಹಾಕ್ಸಿದ್ರು ಅವನ್ನ, ನಿಮ್ಮ ಮಾವ. ಕಿತ್ತೂರಿನ ಸಾಲಿ ಕಲತ ಹುಡುಗಿ, ನಮ್ಮ ಕಲ್ಲಿನ ಬಚ್ಚಲ ನೋಡಿ ಏನಂತಾಳೋ ಏನೋ ಅಂತ ಅವರಿಗೆ ನಿದ್ದಿ ಹತ್ತಿದ್ದಿಲ್ಲ. ಗೌಂಡಿ ಡಬ್ಬ ಹಚ್ಚಿದಾಗ ಮಕ ಇಷ್ಟ ಸಣ್ಣದ ಮಾಡಿಕೊಂಡ್ರು. ನೀ ಬಂದ ದಿನ ಜಳಕ ಮಾಡಿ ಹೊರಗ ಬರೂತನಾ ಪಡಸಾಲ್ಯಾಗ ನಿಂತಿದ್ರು, ಏನರ ಅಂತೀ ಅಂತ.’

ನಾನು ಏನೂ ಅಂದಿರಲಿಲ್ಲ. ಆ ದಿನ ಏನೂ ಅಂದಿರಲಿಲ್ಲ, ಅವರಿದ್ದ ಹದಿನೈದು ವರ್ಷ ಏನೂ ಅಂದಿರಲಿಲ್ಲ. ನನಗಾಗಿ ಮಾಡಿದ ಒಂದು ವಸ್ತುವೂ ಈ ಮನೆಯಲ್ಲಿಲ್ಲವೆಂದು ಇಷ್ಟು ವರ್ಷ ಮುಖ ಗಂಟುಹಾಕಿಕೊಂಡು ಮಿಂದದ್ದು, ನನಗಾಗಿಯೇ ಕಟ್ಟಿದ ಗೋಡೆಯ ಎದುರಿಗೆ. ಹೊಸಬರು ಏನಂದಾರೋ ಎಂದು ನಾನು ಈ ಇಪ್ಪತ್ತು ದಿನ ಪಟ್ಟ ಪಡಿಪಾಟಲನ್ನು ಆ ಮನುಷ್ಯ ನನ್ನ ಸಲುವಾಗಿ ಮೊದಲೇ ಪಟ್ಟಿದ್ದರು. ಅಳಿಯನ ಬಾಯಿಂದ ಒಂದು ಒಳ್ಳೆಯ ಮಾತು ಕೇಳಲು ನಾನು ಪಂಚೆ ಹಿಡಿದು ನಿಂತ ಹಾಗೆಯೇ ಅವರೂ ನಿಂತಿದ್ದರು. ನನಗೆ ನಾಚಿಕೆಯಾಯಿತು. ಈ ಸಲದ ನಾಚಿಕೆಗೆ ಬಣ್ಣ ಹಚ್ಚುವ ಪೇಂಟರು ದೊಡವಾಡದಲ್ಲೂ ಇರಲಿಲ್ಲ.

ಬಾಬುಸಾಬನ ಬಣ್ಣ, ಅವನ ಟ್ರಾಲಿಗಳ ಆಣೆಗೂ, ಒಂದು ಮಳೆಗಾಲವನ್ನೂ ಕಾಣಲಿಲ್ಲ. ಯುಗಾದಿಯ ಹೊತ್ತಿಗೆ ಅಲ್ಲಲ್ಲಿ ಗುಳ್ಳೆ ಎದ್ದು, ಒಂದೊಂದು ತಂಬಿಗೆಗೆ ಒಂದೊಂದು ಚಕ್ಕೆ ಉದುರಿ, ಮೋರಿ ಕಟ್ಟಿಕೊಂಡು, ನಮ್ಮವರು ಕಡ್ಡಿ ಹಿಡಿದು ಕೂರುವಂತಾಯಿತು. ಮರುವರ್ಷ ದೀಪಾವಳಿಗೆ ಮುಂಚೆ ಅವನನ್ನೇ ಮತ್ತೆ ಕರೆಸಿದೆವು. ಬೇರೆ ಯಾರು ಬರುತ್ತಾರೆ ಅಷ್ಟು ಕಡಿಮೆಗೆ! ಅವನು ‘ಸುಣ್ಣ ತಾಗಿಸೀರಿ, ನನಗ ಗೊತ್ತೈತಿ’ ಎಂದು ನನ್ನನ್ನೇ ಗದರಿಸಿ ಮತ್ತೆ ಕರ್ರ್ ಕರ್ರ್ ಶುರುಮಾಡಿದ. ಮೂಲೆಯ ಟೈಲಿನ ಹತ್ತಿರ ಬಂದಾಗ ನಾನು ‘ಅದೊಂದ ಬಿಟ್ಟ ಹಚ್ಚಪಾ’ ಎಂದೆ. ಅವನು ನನ್ನ ಮುಖ ನೋಡಿದ, ಬಾತುಕೋಳಿಯ ಮುಖ ನೋಡಲು ಕತ್ತು ತಿರುಗಿಸಿದ. ಸಂಜೆ ನೋಡಿದರೆ ಅದರ ಸುತ್ತ ಒಂದು ಹಳದಿ ಬಳ್ಳಿ ಎಳೆದಿದ್ದ. ನಾನು ಒರೆಸಲು ಹೇಳಲಿಲ್ಲ. ಆ ವರ್ಷ ನೀರು ತುಂಬುವ ಹಬ್ಬದಲ್ಲಿ ಅತ್ತೆಯವರು ಹಂಡೆಗೆ ಪಟ್ಟೆ ಎಳೆದು, ಗೋಡೆಯ ತಂಟೆಗೆ ಹೋಗದೆ, ಬಟ್ಟಲು ಎತ್ತಿಟ್ಟರು.

ಮೊನ್ನೆ ಭಾನುವಾರ ತಲೆಗೆ ನೀರು ಹಾಕಿಕೊಳ್ಳುವಾಗ ಸೀಗೆ ಕಣ್ಣಿಗಿಳಿಯತೊಡಗಿ ಮುಖ ಮೇಲೆತ್ತಿದೆ. ನೋಡಲು ಗೋಡೆಯ ಹೊರತು ಬೇರೇನಿರುತ್ತದೆ? ಅಷ್ಟಗಲ ಬಿಳಿಯ ನಡುವೆ ಒಂದೇ ಒಂದು ಬಾತುಕೋಳಿ, ಕಾಲು ಮೇಲೆ ಮಾಡಿಕೊಂಡು. ಕೇಳಬೇಕಾಗಿದ್ದ ಮಾವನವರು ಈಗಿಲ್ಲ, ಆದರೂ ಬಾಗಿಲು ಹಾಕಿರುವುದರಿಂದ ಯಾರಿಗೂ ಕೇಳಿಸುವುದಿಲ್ಲವೆಂದುಕೊಂಡು, ನೀರಿನ ಸದ್ದಿನೊಳಗೆ ಮೆಲ್ಲಗೆ ‘ಚಂದ ಐತ್ರಿ’ ಎಂದೆ.

ಪಡಸಾಲೆಯ ಕಂಬದ ಹತ್ತಿರದಿಂದ ‘ಹೂಂ’ ಎಂಬ ದನಿ ಬಂತು.